ಕಣ್ಣು ತಾಗಿದ ಮೊಮ್ಮಗಳು

ಬ್ಯಾಡಗಿಯ ಜಾನಕೀಬಾಯಿಗೆ ಒಂಬತ್ತರ ಮೊಮ್ಮಗಳು ಮಂದಾಕಿನಿಯ ದುಂಡು ಮೈಯೆಂದರೆ ಹೆಮ್ಮೆ. ಮೆಟ್ಟಿಲೇರಿದ ಹುಡುಗಿ ಏದುಸಿರು ಬಿಟ್ಟರೆ, ಯಾರದೋ ಕಣ್ಣು ತಾಗಿತೆಂದು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವರು. ಶಕ್ತಿ ಬರಲೆಂದು ಎರಡು ಶೇಂಗಾ ಉಂಡೆ ಕೊಡುವರು.

೧೯೮೯ರಲ್ಲಿ ಹುಡುಗಿ ಶಾಲೆಯ ಆಟದಲ್ಲಿ ಕುಸಿದು ಕುಳಿತಾಗ ರಾಣೇಬೆನ್ನೂರಿನ ಡಾಕ್ಟರಿಗೆ ತೋರಿಸಿದರು.

"ಬಾಯಾರ, ಇದು ದೃಷ್ಟಿ ಅಲ್ರಿ, ತೂಕ. ಹಿಂಗ ಬಿಟ್ರ ನಿಮ್ಮ ಸಕ್ಕರಿ ಬ್ಯಾನಿ ಈಕಿಗೂ ಲಗೂ ಬರತದ. ಕೂಸಿಗಷ್ಟ ಪಥ್ಯ ಹೇಳಬ್ಯಾಡ್ರಿ, ಮನಿಮಂದಿ ಎಲ್ಲಾ ಮಾಡ್ರಿ. ತಿಂಗಳಿಗೊಮ್ಮೆ ಬರ್ರಿ, ನಾ ನೋಡತೀನಿ."

ಜಾನಕೀಬಾಯಿ ಉಂಡೆಯ ಡಬ್ಬಿಯನ್ನು ತೊಳೆದು ಅಟ್ಟಕ್ಕೇರಿಸಿದರು. ದಿನಾ ಸಂಜೆ ಮೊಮ್ಮಗಳ ಕೈಹಿಡಿದು ಕೆರೆಯವರೆಗೆ ನಡೆದರು.

ಆರು ತಿಂಗಳ ಮೇಲೊಂದು ಸಂಜೆ ಮಂದಾಕಿನಿ ಕೈ ಬಿಡಿಸಿಕೊಂಡು ಮುಂದೆ ಓಡಿ, ತಿರುಗಿ ಕೂಗಿದಳು: "ಅಜ್ಜೀ, ಲಗೂ ಬಾ! ನಿನಗ ಯಾರ ಕಣ್ಣು ತಾಗ್ಯಾವ?"

ಏದುಸಿರು ಬಿಡುತ್ತಲೇ ಅಜ್ಜಿ ನಕ್ಕರು.