ಹದ್ದಿನ ಮೂಗು

ಬೆಳಗಾವಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಡಂ, ಪಾಠದ ನಡುವೆ ‘ಅಕ್ವಿಲೈನ್’ ಎಂಬ ಪದ ಬಂದಾಗ ನನ್ನ ಕಡೆ ಕೈ ತೋರಿಸಿದರು. ‘ನೋಡ್ರಿ, ಇಂಥಾ ಮೂಗಿಗೆ ಹಂಗಂತಾರ.’ ಲ್ಯಾಟಿನ್ನಿನಲ್ಲಿ ಅಕ್ವಿಲ ಎಂದರೆ ಗರುಡ; ಅದರ ಕೊಕ್ಕಿನ ಹಾಗೆ ಬಾಗಿದ್ದು ಅಕ್ವಿಲೈನ್. ರೋಮಿನ ದಂಡು ಗರುಡನ ಪ್ರತಿಮೆಯನ್ನು ಕೋಲಿಗೆ ಏರಿಸಿಕೊಂಡು ಯುದ್ಧಕ್ಕೆ ಹೋಗುತ್ತಿತ್ತಂತೆ. ಇಡೀ ಕ್ಲಾಸು ನನ್ನ ಮೂಗು ನೋಡಿತು. ಅಂದು ಮಹಾಂತೇಶ ನಗರದ ರೂಮಿನವರೆಗೆ ತಲೆ ಎತ್ತಿಕೊಂಡೇ ನಡೆದೆ.

ಖಾನಾಪುರದ ನಮ್ಮ ಮನೆಯಲ್ಲಿ ಅದಕ್ಕಿದ್ದ ಹೆಸರು ಹದ್ದಿನ ಮೂಗು. ನಮ್ಮದು ಕುರಿ ಕಾಯುವ ಮನೆತನ. ಕುರಿ ಕಾಯುವವರಿಗೆ ಹದ್ದೆಂದರೆ ಆಗತಾನೆ ಹುಟ್ಟಿದ ಮರಿಯನ್ನು ಎತ್ತಿಕೊಂಡು ಹೋಗುವ ಕಳ್ಳ. ಅಂಥ ಮೂಗಿನ ಸೊಸೆ ಬಂದರೆ ಹಟ್ಟಿಯಲ್ಲಿ ಮರಿ ಉಳಿಯುವುದಿಲ್ಲ ಎಂದು ನಮ್ಮವರು ನಂಬಿದ್ದರು. ಈ ಮೂಗು ನನಗೆ ಬಂದದ್ದು ಅವ್ವನಿಂದ. ಅವಳು ಮಾತ್ರ ಆ ವಿಷಯ ಎತ್ತುತ್ತಲೇ ಇರಲಿಲ್ಲ.

ನನಗೆ ನೌಕರಿ ಸಿಕ್ಕ ಮೇಲೆ ಎರಡು ಸಂಬಂಧ ಮೂಗಿನ ದೆಸೆಯಿಂದಲೇ ತಪ್ಪಿದವು. ಮೂರನೆಯ ಗಂಡು ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವರು ಖಾನಾಪುರಕ್ಕೆ ಕನ್ಯೆ ನೋಡಲು ಬಂದ ದಿನ ಅವ್ವ ನನ್ನ ಕುರ್ಚಿಯನ್ನು ಅವರಿಗೆ ನೇರ ಎದುರಾಗಿ ಇಟ್ಟಳು. ‘ಆಚೀಚೆ ಹೊಳ್ಳಬ್ಯಾಡ. ಮಾರಿ ನೆಟ್ಟಗ ಇರ್ಲಿ.’ ಎದುರಿನಿಂದ ನೋಡಿದರೆ ಮೂಗಿನ ಬಾಗು ಕಾಣುವುದಿಲ್ಲ ಎಂಬುದು ಅವಳ ಉಪಾಯ. ನನಗೆ ಮೈಯೆಲ್ಲ ಉರಿಯಿತು. ಓದಿ, ನೌಕರಿ ಹಿಡಿದು, ಈಗ ಮೂಗು ಬಚ್ಚಿಟ್ಟುಕೊಂಡು ಮದುವೆಯಾಗಬೇಕೇ? ಎಲ್ಲರಿಗೂ ಚಹಾ ಕೊಟ್ಟು, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಅಡ್ಡಲಾಗಿ ಕೂತೆ. ನೋಡುವವರು ಪೂರ್ತಿ ನೋಡಲಿ.

ಗಂಡಿನ ತಾಯಿ ಕಪ್ಪು ಕೆಳಗಿಟ್ಟಳು. ‘ಹುಡುಗಿ ಶ್ಯಾಣ್ಯಾಕಿ ಅದಾಳ್ರೀ, ಖರೇ. ಆದ್ರ ನಮ್ಮಲ್ಲಿ ಇನ್ನೂ ಕುರಿ ಅದಾವ. ಈ ಮೂಗು ನೋಡಿದ್ರ ಅಂಜಿಕಿ ಬರ್ತೈತಿ.’

ಗಂಡು ಬಿಸ್ಕತ್ತಿನ ತಾಟು ನೋಡುತ್ತ ಕೂತಿದ್ದ.

‘ಇಂಥಾ ಕೊಕ್ಕಿಗೆ ರೋಮಿನಾಗ ದಂಡೇ ಕೈ ಮುಗೀತಿತ್ರೀ’ ಎಂದೆ. ಯಾರಿಗೂ ತಿಳಿಯಲಿಲ್ಲ. ಅವ್ವ ಈಗ ಬೈಯುತ್ತಾಳೆ ಎಂದುಕೊಂಡೆ.

ಅವ್ವ ನನ್ನ ಕಡೆ ನೋಡಲೇ ಇಲ್ಲ. ಆ ಹೆಂಗಸಿಗೆ ಹೇಳಿದಳು: ‘ನಮ್ಮ ಅತ್ತೀನೂ ಹಿಂಗ ಅಂದಿದ್ದಳ್ರೀ. ಒಂದು ಮರಿ ಕಾಣದಾದ್ರ ಆ ಹೊತ್ತು ನನಗ ಊಟ ಇರ್ತಿರಲಿಲ್ಲ. ಬ್ಯಾಸಗಿ ಬಿಸಿಲಾಗ ಮರಿ ಮ್ಯಾಲೆ ಬುಟ್ಟಿ ಮುಚ್ಚಿ, ಕೋಲು ಹಿಡಿದು ಹದ್ದು ಓಡಿಸಿದಾಕಿ ನಾನ. ಇಪ್ಪತ್ತು ವರ್ಷ. ಆ ಮರಿ ಬೆಳೆಸೇ ಇಕೀನ್ನ ಓದಿಸೇನಿ.’ ಆಮೇಲೆ ಎದ್ದು ನಿಂತಳು. ‘ಹೊಂಡ್ರಿ ಇನ್ನ. ಬೆಳಗಾವಿ ಬಸ್ಸಿನ ಹೊತ್ತಾತು.’

ನಮ್ಮ ಮನೆಯಲ್ಲಿ ಬಂದವರನ್ನು ಉಣ್ಣಿಸದೆ ಕಳಿಸಿದ್ದು ಅದೇ ಮೊದಲು. ಅವರು ಚಪ್ಪಲಿ ಮೆಟ್ಟಿ ಓಣಿ ದಾಟುವವರೆಗೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ಕಾಲೇಜಿನಲ್ಲಿ ಕಲಿತ ಒಂದು ಪದದ ಬಲದಲ್ಲಿ ನಾನು ಸೆಟೆದಿದ್ದೆ. ಅವ್ವ ಉಪವಾಸ ಬಿದ್ದ ಸಂಗತಿಯೇ ನನಗೆ ಗೊತ್ತಿರಲಿಲ್ಲ.

‘ಇಷ್ಟು ದಿನ ಯಾಕ ಹೇಳಲಿಲ್ಲವ್ವಾ?’

‘ಹೇಳಿದ್ದರ ನೀನೂ ಈ ಮೂಗಿಗೆ ಅಂಜತಿದ್ದಿ’ ಎಂದಳು.