ಖಾಲಾ ಹೇಳಿದ ಸುಳ್ಳು

ಕಳ್ಳತನ ಬಿಟ್ಟದ್ದು ಹೇಗೆ ಎಂದು ಜನ ಈಗ ಕೇಳುತ್ತಾರೆ. ಪಶ್ಚಾತ್ತಾಪ ಪಟ್ಟೆ ಎಂದರೆ ಅವರಿಗೆ ಸಮಾಧಾನ. ನಾನು ಹಾಗೇನೂ ಪಟ್ಟವನಲ್ಲ. ಭೀಮಾ ದಂಡೆಯ ಹೊಲಗಳಲ್ಲಿ ನೀರೆತ್ತುವ ಮೋಟರು ಬಿಚ್ಚಿ ಮಾರುತ್ತಿದ್ದೆ. ಎಂಬತ್ತರ ದಶಕದಲ್ಲಿ ಸಿಕ್ಕಿಬಿದ್ದು ಎರಡು ವರ್ಷ ಜೇಲಿನಲ್ಲಿದ್ದೆ. ಬಿಟ್ಟು ಕಳಿಸಿದಾಗ ಸಂತೋಷವೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಅವ್ವ ರೊಟ್ಟಿ ಕೊಟ್ಟರೆ ತಿನ್ನುತ್ತಿದ್ದೆ, ಬೈದರೆ ಗೋಡೆ ಕಡೆ ಹೊರಳಿ ಮಲಗುತ್ತಿದ್ದೆ.

ನಮ್ಮ ಕಡೆ ಹೊಲಕ್ಕೋ ಪರವೂರಿಗೋ ಹೋಗುವವರು ಮನೆಯ ಕೀಲಿಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುವುದು ರೂಢಿ. ನಾನು ಬಂದ ಮೇಲೆ ನಮ್ಮ ಮನೆಗೆ ಕೀಲಿಕೈ ಬರುವುದು ನಿಂತಿತು. ಅವ್ವ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದ ಮುದುಕಿ, ನಾವೆಲ್ಲ ಚಿಕ್ಕವ್ವನೆಂಬಂತೆ ಖಾಲಾ ಅನ್ನುತ್ತಿದ್ದವಳು, ಅವಳೂ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡತೊಡಗಿದಳು. ಅವಳದೇನು ತಪ್ಪು? ಅವಳ ಟ್ರಂಕಿನಲ್ಲಿ ಬೆಳ್ಳಿ ಕಡಗ ಇರುವುದು ನನಗೆ ಗೊತ್ತಿತ್ತು. ಹಿಂದಿನ ಗೋಡೆಯ ಮಣ್ಣು ಎಲ್ಲಿ ಸಡಿಲವಾಗಿದೆ ಎಂದೂ ನೋಡಿಟ್ಟಿದ್ದೆ.

ಹೀಗೆ ಆರು ತಿಂಗಳು ಕಳೆದಿರಬೇಕು. ಕರಜಗಿ ಕಡೆಯ ಹೊಲವೊಂದರಲ್ಲಿ ಮೋಟರು ಹೋಯಿತು. ನಾನಲ್ಲ. ಆದರೆ ಊರಲ್ಲಿ ಸೂಜಿ ಕಳೆದರೂ ನನ್ನ ಬಾಗಿಲಿಗೇ ಬರುವ ಕಾಲ ಅದು. ಠಾಣೆಗೆ ಕರೆದೊಯ್ದು ಬೆಂಚಿನ ಮೇಲೆ ಕೂಡಿಸಿದರು. ನಾನಲ್ಲ ಎಂದು ಒಂದು ಸಲ ಹೇಳಿದೆ, ಎರಡನೇ ಸಲ ಹೇಳಲು ಬೇಸರವಾಯಿತು. ಹೇಗೂ ಕಳ್ಳನೇ ಆದ ಮೇಲೆ ಕದ್ದೇ ಬದುಕಿದರಾಯಿತು, ಹೊರಗೆ ಹೋದೊಡನೆ ಖಾಲಾಳ ಹಿಂದಿನ ಗೋಡೆ ಕೊರೆಯುವುದೇ ಸೈ ಎಂದು ತಣ್ಣಗೆ ಯೋಚಿಸುತ್ತಿದ್ದೆ.

ಮಧ್ಯಾಹ್ನ ಅವ್ವನ ಜೊತೆ ಖಾಲಾ ಬಂದಳು. ಜಮಾದಾರನ ಮುಂದೆ ನಿಂತು ಸೆರಗು ಸರಿಮಾಡಿಕೊಂಡಳು.

"ಇವ ಅಲ್ರಿ ಸಾಹೇಬ್ರ. ನಮ್ಮ ಮನಿ ಕೀಲಿಕೈ ಇವನ ಹತ್ರನೇ ಇರ್ತದ. ಆರು ತಿಂಗಳಾತು, ಒಂದು ಚಮಚಾ ಸೈತ ಹೋಗಿಲ್ಲ."

ಅಪ್ಪಟ ಸುಳ್ಳು. ಕೀಲಿಕೈ ಆಗಲೂ ಅವಳ ಸೊಂಟದಲ್ಲೇ ಇತ್ತು. ಜಮಾದಾರ ನನ್ನನ್ನು ನೋಡಿದ, ನಾನು ನೆಲ ನೋಡಿದೆ. ಸಂಜೆಗೆ ಬಿಟ್ಟರು.

"ಸುಳ್ಳ ಯಾಕ ಹೇಳಿದಿ ಖಾಲಾ?" ದಾರಿಯಲ್ಲಿ ಕೇಳಿದೆ.

"ಮೋಟರು ಹೋದ ರಾತ್ರಿ ನೀ ಮನ್ಯಾಗ ಮಕ್ಕೊಂಡಿದ್ದಿ. ನಿಮ್ಮವ್ವ ಬೈಯೋದು ಗ್ವಾಡಿ ಆಚಿಂದ ನಂಗ ಕೇಳ್ತಿತ್ತು. ಅಷ್ಟ ಹೇಳಿದ್ರ ಅವರು ನಂಬ್ತಿದ್ರೇನು?"

ಮರುದಿನ ಬೆಳಿಗ್ಗೆ ಕೀಲಿಕೈ ಹಿಡಿದುಕೊಂಡು ಬಂದಳು.

"ಮಗಳ ಬಾಣಂತನಕ್ಕ ಭೂಸನೂರಿಗೆ ಹೊಂಟೀನಿ, ತಿಂಗಳಾಗ್ತದ. ಹಿಡಿ ಇದನ್ನ. ಇಲ್ಲಂದ್ರ ನಿನ್ನಿ ಸುಳ್ಳಿನ ಪಾಪ ನನ್ನ ಕುತ್ತಿಗಿಗೆ ಬರ್ತದ. ಏಳು ಕೋಳಿ ಅವ, ಕಾಳು ಹಾಕು."

ದಿನಾ ಬೆಳಿಗ್ಗೆ ಬಾಗಿಲು ತೆಗೆದು ಕೋಳಿ ಬಿಡುತ್ತಿದ್ದೆ, ಸಂಜೆ ಬುಟ್ಟಿಯಡಿ ಮುಚ್ಚುತ್ತಿದ್ದೆ. ಟ್ರಂಕಿಗೆ ಬೀಗವೂ ಇರಲಿಲ್ಲ. ಮುಚ್ಚಿದ್ದನ್ನು ಒಡೆಯುವುದು ನನಗೆ ಬರುತ್ತಿದ್ದ ಕೆಲಸ. ತಾನಾಗಿ ಕೈಗೆ ಕೊಟ್ಟ ಮನೆಯಲ್ಲಿ ಏನು ಮಾಡಬೇಕೋ ತಿಳಿಯಲಿಲ್ಲ. ಕಸ ಗುಡಿಸಿದೆ.

ಮೂರನೇ ವಾರ ಗಂಡುಬೆಕ್ಕೊಂದು ಕೋಳಿ ಒಯ್ದಿತು. ಅಂದಿನಿಂದ ನನಗೆ ಊಟ ಸೇರಲಿಲ್ಲ. ಜೇಲಿಗೆ ಹೋಗುವಾಗಲೂ ಇಷ್ಟು ಹೆದರಿರಲಿಲ್ಲ. ಕಳ್ಳ ತಾನು ತಿಂದು ಬೆಕ್ಕಿನ ಮೇಲೆ ಹಾಕಿದ ಎಂದರೆ ಅಲ್ಲ ಅನ್ನುವವರು ಯಾರು? ಅಂಥದೇ ಕೋಳಿ ತಂದು ಸೇರಿಸಿಬಿಡೋಣ ಎಂದು ಅಫಜಲಪುರದ ಸಂತೆಗೂ ಹೋದೆ, ಕೊಳ್ಳಲು ಮನಸ್ಸಾಗದೆ ಬರಿಗೈಯಲ್ಲಿ ತಿರುಗಿ ಬಂದೆ. ಅವಳೊಬ್ಬಳಾದರೂ ನನ್ನ ಮಾತು ನಂಬಬೇಕು ಎಂಬ ಆಸೆ ಹುಟ್ಟಿತ್ತು. ವರ್ಷಗಟ್ಟಲೆ ಏನೂ ಬೇಡವಾಗಿದ್ದವನಿಗೆ ಅದು ನೋವೇ ಆಗಿತ್ತು.

ಖಾಲಾ ಬಸ್ಸಿಳಿದು ಬಂದವಳು ಟ್ರಂಕಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಹಿತ್ತಲಿಗೆ ಹೋಗಿ ಕೋಳಿ ಎಣಿಸಿದಳು.

"ಇನ್ನೊಂದು ಎಲ್ಲದೋ?"

"ಬೆಕ್ಕು ಒಯ್ತು, ಖಾಲಾ."

ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಚಪ್ಪಲಿ ಕಳಚಿ ಕಟ್ಟೆಯ ಮೇಲೆ ಕೂತಳು.

"ಆ ಬೆಕ್ಕು ಮೊದಲಿಂದನೂ ಕಳ್ಳ ಅದ. ನೀ ಒಂದೀಟು ನೀರು ಕೊಡು."