ದಾವಲಮಲಿಕನ ಮುಖದಲ್ಲಿ ಕೇಳಿದ ಹಾಡು

ಮೊದಲು ಹೋದದ್ದು ಗೆಜ್ಜೆಯ ಸದ್ದು.

ಬಸಂತರಾಯನ ಹತ್ತಿರ ಒಂದು ಲಾವಣಿಯ ಗ್ರಾಮಫೋನು ಪ್ಲೇಟು ಇತ್ತು, ಪುಣೆ ಕಡೆಯ ಯಾವುದೋ ತಮಾಶಾ ಮೇಳದವರದು. ಹಾಡು ಶುರುವಾಗುವ ಮೊದಲು ಹೆಣ್ಣುಮಗಳು ಎರಡು ಹೆಜ್ಜೆ ಹಾಕುತ್ತಾಳೆ, ಗೆಜ್ಜೆ ಛಲ್ಲೆನ್ನುತ್ತದೆ, ಆಮೇಲೆ ಢೋಲಕಿ ಬೀಳುತ್ತದೆ. ಆ ಎರಡು ಹೆಜ್ಜೆಗಾಗಿಯೇ ಅವನು ಆ ಪ್ಲೇಟು ಕೊಂಡಿದ್ದ. ಎಪ್ಪತ್ತಮೂರನೆಯ ಇಸವಿಯ ಒಂದು ಸಂಜೆ ಅದನ್ನು ಹಾಕಿದರೆ ನೇರ ಢೋಲಕಿಯೇ ಬಂತು. ಪಿನ್ನು ಮೊಂಡಾಗಿದೆ ಎಂದು ಹೊಸದು ಹಾಕಿದ. ಆಗಲೂ ಗೆಜ್ಜೆ ಇಲ್ಲ. ಪ್ಲೇಟು ಸವೆದದ್ದು ಕೊಟ್ಟಿದ್ದಾನೆ ಎಂದು ಮಾರಿದವನಿಗೂ ಅವನನ್ನು ಹೆತ್ತವರಿಗೂ ಮನಸಾರೆ ಬೈದ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರಲ್ಲ, ಕೇಳಲಾರದವನಿಗೆ ಪ್ಲೇಟು ಡೊಂಕು. ಪಾಪ, ಅವನಿಗಿನ್ನೂ ಗೊತ್ತಿರಲಿಲ್ಲ.

ಇಂಡಿ ಊರಿನ ಹೊರಗಿದ್ದ, ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಬಸಂತರಾಯ ಎಣ್ಣೆ ಹಾಕುವವ. ಉದ್ದ ಮೂತಿಯ ಡಬ್ಬಿ ಹಿಡಿದು, ಓಡುವ ಪಟ್ಟಾಗಳ ನಡುವೆ ಬಗ್ಗಿ, ಗಾಲಿಗಳಿಗೆ ಎಣ್ಣೆ ಕುಡಿಸುತ್ತ ಮೀಸೆ ಮೂಡುವ ವಯಸ್ಸಿನಿಂದ ದುಡಿದವ. ಜಿನ್ನಿನೊಳಗೆ ಬಾಯಿಗೆ ಕೆಲಸವಿಲ್ಲ. ಆ ಗದ್ದಲದಲ್ಲಿ ಪಕ್ಕದವ ಒದರಿದರೂ ಕೇಳುವುದಿಲ್ಲ. ನೀರು ಬೇಕಾದರೆ ಹೆಬ್ಬೆರಳು ತುಟಿಗೆ, ಪಟ್ಟಾ ಹರಿದರೆ ಎರಡೂ ಕೈ ಮೇಲೆ, ಎಲ್ಲವೂ ಸನ್ನೆ. ಅಂಥ ಜಾಗದಲ್ಲಿ ಒಬ್ಬನ ಕಿವಿ ಹೋದರೆ ಯಾರಿಗೆ ಗೊತ್ತಾಗಬೇಕು?

ಹೋದದ್ದಾದರೂ ಎಂಥ ಕಿವಿ! ಒಂದೇ ಬಗೆಯ ಹಾಡು ಹಿಡಿದು ಕೂತವನಲ್ಲ ಅವನು. ಮುದ್ದೇಬಿಹಾಳದಲ್ಲಿ ಮುರಿದುಬಿದ್ದ ನಾಟಕ ಕಂಪನಿಯ ಸಾಮಾನಿನಲ್ಲಿ ಚಾವಿ ಕೊಡುವ ಗ್ರಾಮಫೋನು ಸಿಕ್ಕಿತ್ತು. ಅದರ ಜೊತೆಗೆ ಬಂದ ನಾಟಕದ ಹಾಡುಗಳಿಂದ ಶುರುವಾದ ಹುಚ್ಚು ಆಮೇಲೆ ಯಾವ ಗೇಟಿಗೂ ನಿಲ್ಲಲಿಲ್ಲ. ಸಿಂದಗಿಯ ದಲಾಲರೊಬ್ಬರು ರೇಡಿಯೋ ಬಂದ ಮೇಲೆ ಅಡಕಲಿಗೆ ಹಾಕಿದ್ದ ಖಯಾಲಿನ ಪ್ಲೇಟುಗಳನ್ನು ಬೇಡಿ ತಂದ. ಕವ್ವಾಲಿ ತಂದ, ಅಭಂಗ ತಂದ, ವಚನ, ಗೀಗೀ ಪದ, ಶಹನಾಯಿ ತಂದ. ಬಾಗೇವಾಡಿಯ ಹಳೇ ಪೊಲೀಸನ ಮನೆಯಿಂದ ಇಂಗ್ಲಿಷರ ಬ್ಯಾಂಡಿನದೂ ಒಂದು ತಂದ. ಅದರಲ್ಲಿ ಒಬ್ಬ ತುತ್ತೂರಿಯವ ನಡುವೆ ತಪ್ಪಿ ಒಂದು ಸಣ್ಣ ಕೀಚಲು ತೆಗೆಯುತ್ತಾನೆ. ಆ ತಪ್ಪನ್ನು ಬಂದವರಿಗೆಲ್ಲ ಹುಡುಕಿ ಕೇಳಿಸಿ ನಗುತ್ತಿದ್ದ. ಖಯಾಲಿನ ಬೆನ್ನಿಗೆ ಗೀಗೀ ಪದ ಹಾಕಿದರೆ ಮೂಗು ಮುರಿಯುವವರಿದ್ದರು. "ಹಸದಾಂವ ರೊಟ್ಟಿ ಜಾತಿ ಕೇಳ್ತಾನೇನ್ರಿ?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದ. ಹೆಂಡತಿ ರೇವವ್ವ ಮಾತ್ರ ಒಳಗಿಂದಲೇ, "ಹಾಡಿದ್ದ ಹಾಡೋ ಕಿಸಬಾಯಿ ದಾಸ," ಎಂದು ಪೆಟ್ಟಿಗೆಗೋ ಗಂಡನಿಗೋ ತಿಳಿಯದಂತೆ ಅಂದುಬಿಡುತ್ತಿದ್ದಳು. ಅವಳು ಇಂಗಳೇಶ್ವರದವಳು, ಮಾತು ಖಡಕ್ಕು.

ಗೆಜ್ಜೆಯ ನಂತರ ಅಭಂಗದ ತಾಳ ಹೋಯಿತು. ಭಜನೆಯ ಮಂದಿ ಬರಿಗೈಯಲ್ಲಿ ಕೂತು ಹಾಡುತ್ತಿದ್ದಾರೇನೋ ಎನ್ನಿಸತೊಡಗಿತು. ಆಮೇಲೆ ಸಾರಂಗಿ. ಖಯಾಲಿನ ಹಾಡುಗಾರ್ತಿಯ ಹಿಂದೆ ನೆರಳಿನಂತೆ ನಡೆಯುತ್ತಿದ್ದ ಸಾರಂಗಿ ಇಲ್ಲದೆ ಆ ಹೆಣ್ಣುಮಗಳು ಒಬ್ಬಳೇ ಹಾಡುತ್ತಿದ್ದಳು, ಸ್ವಲ್ಪ ದಿನಕ್ಕೆ ಅವಳೂ ದೂರವಾದಳು. ಕವ್ವಾಲಿಯವರ ಚಪ್ಪಾಳೆ ಹತ್ತಿಯ ಮೇಲೆ ಹೊಡೆದಂತಾಯಿತು. ರೇವವ್ವನ ಬೈಗುಳವೂ ಹೆಣ್ಣುದನಿಯೇ ಅಲ್ಲವೆ, ಅದೂ ಹೋಯಿತು. ಮೊದಮೊದಲು ಅದೊಂದು ಸುಖವೇ ಅನ್ನಿಸಿತು. ಒಂದು ದಿನ ಅವಳು ಒಲೆಯ ಮುಂದೆ ಕೂತು ತುಟಿ ಅಲ್ಲಾಡಿಸುತ್ತಿರುವುದನ್ನು ಕಂಡ. ಬೈಯುತ್ತಿದ್ದಾಳೋ, ಬೀಸುವಾಗಿನ ಪದ ಹಾಡಿಕೊಳ್ಳುತ್ತಿದ್ದಾಳೋ ತಿಳಿಯಲಿಲ್ಲ.

ಹೊಸ ಪಿನ್ನು ತರುವ ನೆವ ಹೇಳಿ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದ. ಅಲ್ಲಿನ ಡಾಕ್ಟರು ಬಡಿದರೆ ಗುಂಯ್‌ಗುಟ್ಟುವ ಕಬ್ಬಿಣದ ಒಂದು ಕವಲನ್ನು ಮೊಣಕಾಲಿಗೆ ತಟ್ಟಿ ಇವನ ಕಿವಿಯ ಹತ್ತಿರ ಹಿಡಿದರು. ಬಸಂತರಾಯ ಬಹಳ ಹೊತ್ತು ಭಕ್ತಿಯಿಂದ ಕಾದು, "ಯಾವಾಗ ಬಾರಸ್ತೀರಿ, ಸಾಹೇಬ್ರ?" ಎಂದ. ಡಾಕ್ಟರು ಕವಲನ್ನು ಮೇಜಿನ ಮೇಲಿಟ್ಟರು. ಅವರು ಆಮೇಲೆ ಗಟ್ಟಿಯಾಗಿ ಹೇಳಿದ್ದರಲ್ಲಿ ಕಿವಿಗೆ ಬಿದ್ದದ್ದು ಇಷ್ಟೇ: ನರ ಸತ್ತಾವು, ಔಷಧ ಇಲ್ಲ, ಇದ್ದದ್ದೂ ಹೋಗ್ತೈತಿ. ಗಾಡಿಯಲ್ಲಿ ಕಿಟಕಿಯ ಹತ್ತಿರ ಕೂತು ಊರು ಬರುವವರೆಗೂ ಅತ್ತ. ಅಳುವಾಗ ದನಿ ಬರುತ್ತಿದೆಯೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ, ಎದುರು ಕೂತವರು ಎದ್ದು ಬೇರೆ ಕಡೆ ಹೋದದ್ದರಿಂದ ಬರುತ್ತಿರಬೇಕು ಎಂದುಕೊಂಡ.

ಈ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಊರು ಒಂದೇ ದಿನದಲ್ಲಿ ಅವನನ್ನು ಕಿವುಡ ಬಸಂತ್ಯಾ ಮಾಡುತ್ತಿತ್ತು, ಅದನ್ನಾದರೂ ತಾಳಿಕೊಳ್ಳಬಹುದಿತ್ತು. ಕಿವುಡನ ಮನೆಗೆ ಹಾಡು ಕೇಳಲು ಯಾರು ಬರುತ್ತಾರೆ? ಪೆಟ್ಟಿಗೆ ಮೂಲೆಗೆ ಸೇರುತ್ತದೆ, ಪ್ಲೇಟಿನ ಮೇಲೆ ರೇವವ್ವ ಹಪ್ಪಳದ ಬುಟ್ಟಿ ಇಡುತ್ತಾಳೆ. ಹಾಡು ಹೋದರೆ ತಾನು ಎಣ್ಣೆ ಡಬ್ಬಿ ಹಿಡಿದ ಒಂದು ಕೈ ಅಷ್ಟೇ ಎಂಬ ಭಯ ಅವನಿಗೆ. ಭಯ ಸುಳ್ಳೂ ಆಗಿರಲಿಲ್ಲ.

ಕೇಳಲು ಬರುತ್ತಿದ್ದವರು ಹೇಗೂ ಕಡಿಮೆಯಾಗಿದ್ದರು. ಚಹಾದಂಗಡಿಯಲ್ಲಿ ಕರೆಂಟಿನ ಪ್ಲೇಯರು ಬಂದು ಹೊಸ ಸಿನೆಮಾದ ಹಾಡು ಬೀದಿಗೆಲ್ಲ ಕೇಳುತ್ತಿತ್ತು. ತಪ್ಪದೆ ಬರುವವನೆಂದರೆ ದಾವಲಮಲಿಕ ಒಬ್ಬನೇ. ಗಾದಿಗೆ ಹತ್ತಿ ಹಿಂಜುವ ಪಿಂಜಾರ. ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುವವ. ಇಬ್ಬರೂ ಒಂದೇ ಶಾಲೆಯ ಒಂದೇ ಮೂಲೆಯಲ್ಲಿ ಕೂತು ಏಟು ತಿಂದವರು. ವಾರದ ಸೂಟಿಯ ದಿನ ಸಂಜೆ ಅವನು ಬಂದು ಕಟ್ಟೆಯ ಮೇಲೆ ಎದುರು ಕೂಡುತ್ತಿದ್ದ, ನಡುವೆ ಪೆಟ್ಟಿಗೆ.

ಕಿವಿ ನೆಟ್ಟಗಿದ್ದ ಕಾಲದಲ್ಲಿ ಬಸಂತರಾಯ ಹಾಡು ಶುರುವಾದೊಡನೆ ಕಣ್ಣು ಮುಚ್ಚಿಬಿಡುತ್ತಿದ್ದ. ಈಗ ಕಣ್ಣು ತೆರೆದು ಗೆಳೆಯನನ್ನು ನೋಡತೊಡಗಿದ. ನೋಡುತ್ತ ನೋಡುತ್ತ ಒಂದು ಪವಾಡ ನಡೆಯಿತು. ದಾವಲಮಲಿಕನ ಹುಬ್ಬು ಏರಿದರೆ ಅಲ್ಲಿ ಹಾಡಿನ ತಾನ ಮೇಲಕ್ಕೆ ಹೋಗುತ್ತಿದೆ. ಗೋಣು ಬಲಕ್ಕೆ ವಾಲಿ ಬೆರಳು ತೊಡೆಗೆ ಬಿದ್ದರೆ ತಾಳದ ಸಮ. ತುಟಿ ಅರಳಿದರೆ ಲಾವಣಿಯವಳು ಕಣ್ಣು ಹೊಡೆದ ಜಾಗ. ಹಾಡೆಲ್ಲ ಬಸಂತರಾಯನ ತಲೆಯಲ್ಲಿ ಬಾಯಿಪಾಠ ಇದ್ದವೇ, ಎಲ್ಲಿಗೆ ಬಂದಿದೆ ಎಂದು ಗೊತ್ತಾದರೆ ಸಾಕು, ಒಳಗೆ ತಾನಾಗಿ ನಡೆಯುತ್ತಿತ್ತು. ಗೆಜ್ಜೆ ಕೂಡ ಬಂತು. ಪಿನ್ನು ಕೊರೆಯುವ ಗೆರೆಗಿಂತ ಆ ಮುಖದ ಗೆರೆಗಳೇ ಅವನಿಗೆ ಪ್ಲೇಟಾದವು. ಎಪ್ಪತ್ತಾರನೆಯ ಇಸವಿಯ ಹೊತ್ತಿಗೆ ಗೀಗೀ ಪದದ ದಪ್ಪು ವಾದ್ಯದ ಸದ್ದೂ ಅಳಿಸಿಹೋಗಿ ಪೂರ್ತಿ ನಿಶ್ಶಬ್ದವಾದಾಗ, ಜೀವ ಹಿಡಿದದ್ದು ಆ ಒಂದು ಮುಖದಿಂದ. ವಾರವಿಡೀ ಅವನು ಆ ಸಂಜೆಯನ್ನು ಕಾಯುತ್ತಿದ್ದ. ದಾವಲಮಲಿಕ ಯಾವುದಾದರೂ ಊರಲ್ಲಿ ಉಳಿದು ಬರದಿದ್ದರೆ ಊಟ ಸೇರುತ್ತಿರಲಿಲ್ಲ.

ಮುಂದಿನ ಬೇಸಿಗೆ, ಲಗ್ನದ ಗಾದಿ ಹಾಕಲು ಬಾಗೇವಾಡಿಗೆ ಹೋಗಿದ್ದ ದಾವಲಮಲಿಕ ಬರುವಾಗ ಹತ್ತಿಯ ಗಂಟಿನೊಳಗಿಂದ ಒಂದು ಪ್ಲೇಟು ತೆಗೆದ. ಬಸಂತರಾಯ ಮೇಲಿನ ಕಾಗದದ ಅಕ್ಷರವನ್ನು ಬೆರಳಿಟ್ಟು ಎರಡೆರಡು ಸಲ ಓದಿದ. ತಂಗಡಗಿ ಕಡೆಯ ಒಬ್ಬಳು ಹಾಡುಗಾರ್ತಿ, ನಾಟಕದ ಬಾಯಿ, ಕಂಪನಿ ಬಿಟ್ಟು ಹೋಗುವ ಮೊದಲು ಒಂದೇ ಒಂದು ಪ್ಲೇಟಿಗೆ ಹಾಡಿದ್ದಳಂತೆ. ಒಂದು ಮಗ್ಗಲು ಜೋಗಿಯಾ ರಾಗ, ಇನ್ನೊಂದು ಮಗ್ಗಲು ಭೈರವಿ. ಅದನ್ನು ಕೇಳಿದ್ದ ಮುದುಕರು ಆ ಮಾತು ಬಂದರೆ ಎಲೆಯಡಿಕೆ ಜಗಿಯುವುದನ್ನೇ ನಿಲ್ಲಿಸುತ್ತಿದ್ದರು. ಅದಕ್ಕಾಗಿ ಅವನು ತಿರುಗದ ಪೇಟೆಯಿಲ್ಲ. ಅವನು ಒಮ್ಮೆಯೂ ಕೇಳದ ಹಾಡು ಅದು. ಕೇಳಬೇಕಾದ ಕಿವಿ ಹೋದ ಮೇಲೆ ಮನೆ ಬಾಗಿಲಿಗೆ ಬಂತು. ದೇವರಿಗೆ ಚೇಷ್ಟೆ ಮಾಡುವುದಕ್ಕೂ ಒಂದು ಹೊತ್ತುಗೊತ್ತು ಬೇಡವೆ?

ಆದರೂ ಅವನು ಹಿಂಜರಿಯಲಿಲ್ಲ. ಮುಖವಿದೆಯಲ್ಲ. ಬಾಯಿಪಾಠವಿಲ್ಲದ ಹಾಡನ್ನೂ ಈ ಮುಖ ಕೇಳಿಸಬಹುದು ಎಂದು ಆಸೆಪಟ್ಟ. ಚಾವಿ ಕೊಟ್ಟ, ಪ್ಲೇಟು ಒರೆಸಿ ಇಟ್ಟ, ಪೆಟ್ಟಿಗೆಯ ತೋಳನ್ನು ಪ್ಲೇಟಿನ ಅಂಚಿಗೆ ಇಳಿಸಿ ಗೆಳೆಯನ ಕಡೆ ತಿರುಗಿದ.

ದಾವಲಮಲಿಕನ ಮುಖ ಒಂದು ಸಲ ಬಿಗಿಯಿತು, ಹಲ್ಲು ಜುಮ್ಮೆಂದವರಂತೆ. ಎಂಥ ಎತ್ತುಗಡೆ, ಮೊದಲ ಸ್ವರಕ್ಕೇ ಕರುಳಿಗೆ ಕೈ ಹಾಕಿದಳು ಎಂದುಕೊಂಡ ಬಸಂತರಾಯ. ಆಮೇಲೆ ಆ ಮುಖ ನಿಧಾನವಾಗಿ ಬಿಚ್ಚಿಕೊಂಡಿತು. ಹುಬ್ಬು ಏರಿತು, ಇಳಿಯಿತು, ಗೋಣು ವಾಲಿತು, ಬೆರಳು ತೊಡೆಗೆ ಬಿತ್ತು. ಬಸಂತರಾಯ ಆ ಏರಿಳಿತಕ್ಕೆ ತನಗೆ ಗೊತ್ತಿದ್ದ ಜೋಗಿಯಾದ ಸ್ವರಗಳನ್ನು ಹಚ್ಚುತ್ತ ಹೋದ. ದನಿಯೊಂದು ಹುಟ್ಟಿತು, ತುಸು ಒರಟು, ಹೊಗೆಯಾಡಿದ ದನಿ. ಒಳಗಿನಿಂದ ರೇವವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಇಷ್ಟು ವರ್ಷದಲ್ಲಿ ಒಂದು ಹಾಡಿಗೂ ಹೊಸ್ತಿಲಿಗೆ ಬಾರದವಳು! ಅವಳು ಏನೋ ಅನ್ನಲು ಹೋದಾಗ ದಾವಲಮಲಿಕ ಕೈ ಎತ್ತಿ ತಡೆದ. ಹೌದು ಮತ್ತೆ, ಇಂಥ ಹಾಡಿನ ನಡುವೆ ಮಾತಾಡುತ್ತಾರೆಯೆ? ದಾವಲಮಲಿಕನ ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಬಂತು. ಬಸಂತರಾಯನೂ ಅತ್ತ. ಬದುಕಿನಲ್ಲಿ ಅವನು ಅಷ್ಟು ಚಂದದ ಹಾಡು ಕೇಳಿರಲಿಲ್ಲ.

"ಇದನ್ನ ಕೇಳಾಕ ನನ್ನ ಇಷ್ಟ ದಿನಾ ಇಟ್ಟಿದ್ದ ನೋಡ ದೇವರು," ಎಂದು ಕಣ್ಣೊರೆಸಿಕೊಂಡು ತೋಳನ್ನು ಎತ್ತಿದ. ಪ್ರತಿ ಮಗ್ಗಲಿಗೂ ಹೊಸ ಪಿನ್ನು ಹಾಕುವುದು ಅವನ ಪದ್ಧತಿ. ಹಳೆಯದನ್ನು ತೆಗೆಯಲು ತಿರುಪು ಸಡಿಲಿಸಿದರೆ ಬೆರಳಿಗೆ ಏನೂ ಸಿಗಲಿಲ್ಲ. ಪಿನ್ನು ಇರಲೇ ಇಲ್ಲ. ಗಡಿಬಿಡಿಯಲ್ಲಿ ಹಾಕುವುದನ್ನೇ ಮರೆತಿದ್ದ. ಪ್ಲೇಟಿನ ಮೇಲೆ, ಅಂಚಿನಿಂದ ನಡುವಿನವರೆಗೆ, ಪಿನ್ನು ಹಿಡಿಯುವ ಕಬ್ಬಿಣ ಕೊರೆದ ಬಿಳಿಯ ಗೀರು ಸುತ್ತು ಸುತ್ತಿಕೊಂಡಿತ್ತು.

ಇಷ್ಟು ಹೊತ್ತು ಆ ಕಟ್ಟೆಯ ಮೇಲೆ ಆದದ್ದು ಕಬ್ಬಿಣ ಪ್ಲೇಟನ್ನು ಕೆರೆಯುವ ಸದ್ದು. ರೇವವ್ವ ಎದ್ದು ಬಂದದ್ದು ಅದನ್ನು ತಾಳಲಾರದೆ.

ಅವನು ಆ ಗೀರಿನ ಮೇಲೆ ಬೆರಳಾಡಿಸಿದ. ಆಮೇಲೆ ತಲೆ ಎತ್ತಿ, "ಯಾವಾಗಿಂದ ಗೊತ್ತೈತಿ ನಿನಗ?" ಎಂದ. ಗಟ್ಟಿಯಾಗಿ ಕೂಗಿದನೋ ಏನೋ, ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು.

ದಾವಲಮಲಿಕನ ತುಟಿ ಅಲ್ಲಾಡಿತು. ಉದ್ದದ ಮಾತು. ಬಸಂತರಾಯನಿಗೆ ಒಂದಕ್ಷರ ತಿಳಿಯಲಿಲ್ಲ. ರೇವವ್ವ ಹತ್ತಿರ ಬಂದು, ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ತುಟಿ ಬಿಡಿಸಿ ಬಿಡಿಸಿ ಹೇಳಿದಳು: "ಸೊಲ್ಲಾಪುರಕ್ಕ ಹೋಗಿ ಬಂದ್ಯಲ್ಲ, ಆವಾಗಿಂದ. ನನಗೂ, ಮಲಿಕಣ್ಣಗೂ."

ಅಂದರೆ ಎಲ್ಲ ಸಂಜೆಗಳೂ. ಯಾವ ಹುಬ್ಬು ಹಾಡಿಗೆ ಏರಿತ್ತು, ಯಾವುದು ತನಗಾಗಿ ಏರಿತ್ತು? ಮರಳಿ ಬಂದಿದ್ದ ಗೆಜ್ಜೆ, ಸಾರಂಗಿ, ಆ ಚಪ್ಪಾಳೆ, ಒಂದೊಂದನ್ನೂ ಎತ್ತಿ ನೋಡಿದ, ಒಂದರ ಮೇಲೂ ನಂಬಿಕೆ ಕೂಡಲಿಲ್ಲ. ಗೆಳೆಯನ ಮೇಲೆ ಸಿಟ್ಟು ಬರಲಿ ಎಂದು ಕಾದ, ಅದೂ ಬರಲಿಲ್ಲ. ಪ್ರೀತಿಯಿಂದ ಮಾಡಿದ್ದಾನೆ ಎಂದು ಗೊತ್ತು. ಪ್ರೀತಿಯಿಂದ ಮಾಡಿದ್ದಕ್ಕೆ ಬೈಯುವುದಾದರೂ ಹೇಗೆ?

ಪ್ಲೇಟನ್ನು ತಿರುವಿ ಹಾಕಿದ. ಭೈರವಿಯ ಮಗ್ಗಲು ನೆಟ್ಟಗಿತ್ತು. ಡಬ್ಬಿಯಿಂದ ಪಿನ್ನು ತೆಗೆದು, ಹಾಕಿ, ತಿರುಪು ಬಿಗಿದು, ಬೆರಳಿನಿಂದ ಮುಟ್ಟಿ ನೋಡಿದ. ಮತ್ತೆ ಚಾವಿ ಕೊಟ್ಟ.

"ಇದನ್ನಾರ ಕೇಳು," ಎಂದ. "ನನ್ನ ಸಲುವಾಗಿ ಮುಖಾ ಮಾಡಬ್ಯಾಡ. ನನ್ನಾಣಿ ಐತಿ. ನೀ ಕೇಳು."

ದಾವಲಮಲಿಕ ಬೇಡವೆಂಬಂತೆ ಕೈ ಮುಗಿದ. ಬಸಂತರಾಯ ತೋಳನ್ನು ಇಳಿಸಿದ.

ಪ್ಲೇಟು ತಿರುಗುತ್ತಿತ್ತು. ದಾವಲಮಲಿಕನ ಕೈಗಳು ಮೆಲ್ಲಗೆ ಮಡಿಲಿಗೆ ಬಿದ್ದವು. ಕಣ್ಣು ಮುಚ್ಚಿತು. ಹುಬ್ಬು ಏರಲಿಲ್ಲ, ಗೋಣು ವಾಲಲಿಲ್ಲ, ಬೆರಳು ತೊಡೆಗೆ ಬೀಳಲಿಲ್ಲ, ಒಂದು ಹನಿ ನೀರೂ ಇಲ್ಲ. ಅವನು ನಿಜವಾಗಿ ಹಾಡು ಕೇಳುವಾಗ ಹೇಗಿರುತ್ತಾನೆಂದು ಬಸಂತರಾಯ ಮೊದಲ ಸಲ ಕಂಡ. ಆ ಮುಖದಲ್ಲಿ ಏನೂ ಇರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡವನ ಮನೆಯಂತಿತ್ತು. ತಂಗಡಗಿಯ ಬಾಯಿ ಆ ಬಾಗಿಲಿನ ಆಚೆ ಹಾಡುತ್ತಿದ್ದಳು.

ಬಸಂತರಾಯ ಮುಂದೆ ಬಗ್ಗಿ ಇನ್ನೂ ಹತ್ತಿರದಿಂದ ನೋಡಿದ. ಒಂದು ರೆಪ್ಪೆಯಾದರೂ ಅಲ್ಲಾಡೀತೆಂದು ಕಾಯುತ್ತ ಕೂತ. ರೇವವ್ವ ಬಂದು ಪ್ಲೇಟಿನ ಮೇಲಿಂದ ತೋಳನ್ನು ಎತ್ತಿಟ್ಟಾಗಲೇ ಅವನಿಗೆ ಹಾಡು ಮುಗಿದದ್ದು ತಿಳಿಯಿತು.